ಮೂವತ್ತನೆಯ ಆರೋಗ್ಯವಂತೆ

ಆಸ್ಪತ್ರೆಯ ಸ್ಕ್ಯಾನ್ ವಿಭಾಗದ ಚರಿತ್ರೆಯಲ್ಲಿ ದಪ್ಪಕ್ಷರಗಳಲ್ಲಿ ದಾಖಲಾಗಬೇಕಾದ ವಿಷಯವೊಂದಿದೆ: ಆ ಸೋಮವಾರ ಬೆಳಗ್ಗೆ ಅಲ್ಲಿ ತಲೆ ನೆಟ್ಟಗಿರುವವರು ಒಬ್ಬರು ಕಡಿಮೆ ಬಿದ್ದರು.

ಮನೋವೈದ್ಯರ ಅಧ್ಯಯನಕ್ಕೆ ಸ್ಕಿಜೋಫ್ರೇನಿಯಾ ಇರುವ ಮೂವತ್ತು ಮಂದಿ, ಇಲ್ಲದ ಮೂವತ್ತು ಮಂದಿ ಬೇಕಿತ್ತು. ಮೆದುಳು ಒಳಗೊಳಗೇ ಸವೆಯದಂತೆ ಕಾಯುವ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟ್ ಯಾರಲ್ಲಿ ಎಷ್ಟಿದೆ ಎಂದು ಎಂಆರ್‌ಐ ಯಂತ್ರದಲ್ಲಿ ಅಳೆಯುವ ಕೆಲಸ. ರೋಗಿಗಳೇನೋ ಮೂವತ್ತೂ ಸಿಕ್ಕಿದ್ದರು. ಆರೋಗ್ಯವಂತರ ಪೈಕಿ ಕೊನೆಯವನು ಯಂತ್ರದ ಸದ್ದು ಕೇಳಿದ್ದೇ ತಡ, ಬಿಚ್ಚಿಟ್ಟ ಬೂಟನ್ನೂ ಬಿಟ್ಟು ಓಟ ಕಿತ್ತಿದ್ದ.

"ನೀನೇ ಮಲಗಿಬಿಡಮ್ಮ," ಎಂದರು ವೈದ್ಯರು, ಯಂತ್ರ ನಡೆಸುವ ಟೆಕ್ನಿಷಿಯನ್‌ಗೆ.

"ನನ್ನ ತಲೆ ಸರಿ ಇದೆ ಅಂತ ಯಾರು ಹೇಳಿದ್ರು ಸಾರ್?"

"ಹನ್ನೊಂದು ವರ್ಷದಿಂದ ಇಲ್ಲೇ ಕೆಲಸ ಮಾಡ್ತಿದ್ದಾಳೆ. ನಂಗೂ ಅದೊಂದೇ ಅನುಮಾನ," ಎಂದ ಗುಮಾಸ್ತ.

ನಿಯಮದ ಪ್ರಕಾರ ಮೊದಲು ಕುಟುಂಬದ ವಿವರದ ಫಾರಂ, ಆಮೇಲೆ ಸ್ಕ್ಯಾನ್. ಆದರೆ ಯಂತ್ರ ಖಾಲಿ ಬಿದ್ದಿತ್ತು. ಫಾರಂ ಎಲ್ಲಿಗೂ ಓಡಿಹೋಗುವುದಿಲ್ಲವೆಂದು ಸ್ಕ್ಯಾನನ್ನೇ ಮುಗಿಸಿದರು. ಗ್ರಾಫ್ ಎಷ್ಟು ಚೆಂದ ಬಂತೆಂದರೆ ವೈದ್ಯರು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದರು: "ನೋಡ್ರಿ, ಮೆದುಳು ಅಂದ್ರೆ ಹೀಗಿರಬೇಕು!" ಅವಳು ದಿನವಿಡೀ ಕತ್ತು ನೆಟ್ಟಗಿಟ್ಟುಕೊಂಡೇ ಓಡಾಡಿದಳು.

ಸಂಜೆ ಫಾರಂ ಮನೆಗೆ ಬಂತು. ಹೆತ್ತವರಲ್ಲಿ, ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಯಾರಿಗಾದರೂ ಈ ಕಾಯಿಲೆ ಇದ್ದರೆ ಆ ವ್ಯಕ್ತಿಯನ್ನು ಆರೋಗ್ಯವಂತರ ಗುಂಪಿಗೆ ಸೇರಿಸುವಂತಿಲ್ಲ. ಅದಕ್ಕೇ ಮನೆಯ ಹಿರಿಯರೊಬ್ಬರ ಸಹಿ ಬೇಕು. ಅವಳಿಗೆ ಮೂರು ವರ್ಷವಿದ್ದಾಗ ತಂದೆ ಹೃದಯಾಘಾತದಿಂದ ತೀರಿಕೊಂಡಿದ್ದರು, ಒಡಹುಟ್ಟಿದವರಿಲ್ಲ, ಮಕ್ಕಳಿಲ್ಲ. ಎಲ್ಲದಕ್ಕೂ 'ಇಲ್ಲ' ಎಂದು ಗೀಚಿ ಪೆನ್ನನ್ನು ತಾಯಿಯ ಕೈಗಿತ್ತಳು.

ತಾಯಿ ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಮೊದಲಿನಿಂದ ಓದಿದರು.

"ಇದು ಸುಳ್ಳಾದ್ರೆ ಏನಾಗುತ್ತೆ?"

"ಲೆಕ್ಕ ತಪ್ಪುತ್ತೆ. ನಾಳೆ ಕಾಯಿಲೆಯವರಿಗೆ ಹುಡುಕೋ ಔಷಧಿನೂ ತಪ್ಪಬಹುದು. ಒಂದು ಸಹಿಗೆ ಯಾಕಮ್ಮ ಇಷ್ಟು ಮೀನಮೇಷ?"

"ತಂದೆ ಅನ್ನೋ ಕಡೆ 'ಹೌದು' ಅಂತ ಬರಿ."

ಮಗಳು ನಕ್ಕಳು. ತಾಯಿ ನಗಲಿಲ್ಲ.

"ಹೃದಯಾಘಾತ ಅಂದಿದ್ಯಲ್ಲಮ್ಮ?"

"ಇದ್ದಾರೆ ಕಣೇ. ಊರಾಚೆ ಆರೈಕೆ ಕೇಂದ್ರದಲ್ಲಿ."

"ಶನಿವಾರ ಶನಿವಾರ ಚಿಕ್ಕಮ್ಮನ ಮನೆ ಅಂತ ಹೋಗ್ತಿದ್ದದ್ದು..."

"ತಂಗಿ ಮನೆಗೆ ಯಾರಾದ್ರೂ ಮೂವತ್ತು ವರ್ಷ ಒಂದು ವಾರನೂ ತಪ್ಪದೆ ಹೋಗ್ತಾರೇನೇ? ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹುಚ್ಚನ ಮಗಳು ಅಂತ ನಾಲ್ಕು ಜನ ಬೆರಳು ತೋರಿಸ್ತಾರೆ ಅಂತ ಬಾಯಿಗೆ ಬೀಗ ಹಾಕ್ಕೊಂಡೆ."

ಮಗಳು ಕುರ್ಚಿ ಎಳೆದು ಕೂತಳು. ಅಷ್ಟಕ್ಕೇ ಮುಗಿಯಲಿಲ್ಲ.

"ಹೋದ ತಿಂಗಳು ಅವರನ್ನ ವ್ಯಾನಲ್ಲಿ ನಿಮ್ಮ ಆಸ್ಪತ್ರೆಗೇ ಕರ್ಕೊಂಡು ಬಂದಿದ್ರಂತೆ. ದೊಡ್ಡ ಕೊಳವೆಯೊಳಗೆ ಮಲಗಿಸಿದ ಹುಡುಗಿ ತುಂಬಾ ಒಳ್ಳೇವ್ಳು, ಕಾಲಿಗೆ ಕಂಬಳಿ ಹೊದಿಸಿದ್ಲು ಅಂದ್ರು. ಅದು ನೀನೇ ಅಂತ ಹೇಳೋಕೆ ಬಾಯಿ ಬರಲಿಲ್ಲ."

ಆ ವ್ಯಾನಿನಲ್ಲಿ ಹನ್ನೊಂದು ಮಂದಿ ಬಂದಿದ್ದರು. ಅಧ್ಯಯನದ ಪಟ್ಟಿಯಲ್ಲಿ ಯಾರಿಗೂ ಹೆಸರಿರಲಿಲ್ಲ, ಬರೀ ನಂಬರು. ಎಲ್ಲರಿಗೂ ಕಂಬಳಿ ಹೊದಿಸಿದ್ದಳು. ಎಲ್ಲರಿಗೂ "ಅಲ್ಲಾಡಬೇಡಿ ಯಜಮಾನ್ರೇ" ಎಂದಿದ್ದಳು. ಅವಳು ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ತೆರೆಯ ಮೇಲೆ ಕಂಡಿದ್ದ ಹನ್ನೊಂದು ಮೆದುಳುಗಳೂ ಸಾಲಾಗಿ ಬಂದವು. ಮುಖ ಒಂದೂ ಬರಲಿಲ್ಲ.

"ಎತ್ತರ ಇದ್ದಾರಾ?" ಎಂದು ಕೇಳಿದಳು.

"ನಿನ್ನಷ್ಟೇ."

'ಇಲ್ಲ' ಎಂಬುದನ್ನು ಹೊಡೆದುಹಾಕಿ 'ಹೌದು' ಎಂದು ಬರೆದಳು. ತಾಯಿ ಸಹಿ ಹಾಕಿದರು.

ಮರುದಿನ ವೈದ್ಯರು ಅವಳ ಸ್ಕ್ಯಾನನ್ನು ಅಧ್ಯಯನದಿಂದ ತೆಗೆದುಹಾಕಿದರು. ಶನಿವಾರ ಅವಳು ರಜೆ ಹಾಕಿ ತಾಯಿಯ ಜೊತೆ ಆರೈಕೆ ಕೇಂದ್ರಕ್ಕೆ ಹೋದಳು.