ಸಿಂಕಿನ ನೀರು ಎಲ್ಲಿ ನಿಂತಿತ್ತು

ನಮ್ಮ ಪಕ್ಕದ ಮನೆ ಅಕ್ಕನ ಅಡುಗೆಮನೆ ಸಿಂಕಿನಲ್ಲಿ ನೀರು ನಿಂತದ್ದು ಒಂದು ಸೋಮವಾರ. ಇಂಥ ತೊಂದರೆ ಯಾರ ಮನೆಯಲ್ಲಿ ಇಲ್ಲ ಹೇಳಿ. ಪಾತ್ರೆ ತೊಳೆಯುತ್ತೀರಿ, ನೀರು ಇಳಿಯುವುದಿಲ್ಲ, ಮೇಲೆ ಎಣ್ಣೆಯ ಪದರ ತೇಲುತ್ತದೆ. ಕೈ ಹಾಕಿ ಜಾಲರಿ ಕೆದಕುತ್ತೀರಿ. ಎರಡು ಗುಟುಕು ಇಳಿದು ಮತ್ತೆ ನಿಲ್ಲುತ್ತದೆ. ಆದರೆ ಅಕ್ಕನಿಗೆ ಅದು ಬರೀ ಮನೆಯ ತೊಂದರೆಯಾಗಿರಲಿಲ್ಲ. ಹತ್ತಿರದ ಮುದ್ರಣಾಲಯದ ಮೂವತ್ತು ಜನರಿಗೆ ಅವಳು ಆರು ವರ್ಷದಿಂದ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತಾಳೆ. ಮೂವತ್ತು ಜನರ ಅಡುಗೆ ಎಂದರೆ ದಿನಾ ಎಷ್ಟು ಪಾತ್ರೆ ಬೀಳುತ್ತದೆ, ನೀವೇ ಊಹಿಸಿಕೊಳ್ಳಿ.

ಅಕ್ಕನ ಗಂಡನನ್ನು ನಾನು ಭಾವ ಎಂದೇ ಕರೆಯುವುದು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಸಾಸಿವೆಯಷ್ಟು ಸ್ಕ್ರೂ ಬಿಚ್ಚಿ ಹಾಕಿದ ಕೈ ಅದು. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೂ ಆ ಕೈ ಸುಮ್ಮನಿರುವುದಿಲ್ಲ. ಫ್ಯಾನು, ಮಿಕ್ಸಿ, ಬಾಗಿಲಿನ ಚಿಲಕ, ಯಾವುದು ಕೆಟ್ಟರೂ ತಾವೇ ಬಿಚ್ಚುತ್ತಾರೆ. ಕೆಲವು ಸರಿಹೋಗುತ್ತವೆ. ಸರಿಹೋಗದವು ಅಟ್ಟ ಸೇರುತ್ತವೆ.

ಪ್ಲಂಬರನ್ನು ಕರೆಯೋಣ ಎಂದು ಅಕ್ಕ ಅವತ್ತೇ ಹೇಳಿದಳು. ಭಾವ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

"ನೀರು ಕೆಳಗೆ ಹೋಗಬೇಕು, ಅಷ್ಟೇ ತಾನೆ? ಅದಕ್ಕೂ ಒಬ್ರು ಬಂದು ಪಾಠ ಹೇಳಬೇಕಾ?" ಎಂದರು.

ಸೋಮವಾರ ಜಾಲರಿ ಕಿತ್ತು, ತಂತಿ ಬಿಟ್ಟು ತಿವಿದರು. ನೀರು ಸ್ವಲ್ಪ ಇಳಿಯಿತು, ಭಾವನ ಎದೆ ಒಂದು ಗೇಣು ಉಬ್ಬಿತು. ಮಂಗಳವಾರ ಬೆಳಗಾಗುವ ಹೊತ್ತಿಗೆ ಮತ್ತೆ ಅದೇ ಕಥೆ. ಕುದಿಯುವ ನೀರು ಸುರಿದರು. ಆ ದಿನ ಬಟ್ಟೆ ಒಗೆಯುವ ಮೆಷಿನ್ ನೀರು ಬಿಟ್ಟಾಗ ಬಚ್ಚಲುಮನೆಯ ನೆಲದ ತೂತಿನಿಂದ ಗುಳುಗುಳು ಸದ್ದು ಬಂತು, ಹಿಂದೆಯೇ ಒಂದಷ್ಟು ಕೊಳೆನೀರೂ ಮೇಲೆ ಬಂತು. ಅಕ್ಕ ಅದನ್ನೂ ಗಂಡನ ಕಿವಿಗೆ ಹಾಕಿದಳು. ಅದು ಬೇರೆ, ಇದು ಬೇರೆ, ಮೊದಲು ಇದು ಮುಗಿಯಲಿ ಎಂದರು ಭಾವ.

ಬುಧವಾರ ಬೆಳಿಗ್ಗೆ ಬಿಳಿ ಬಟ್ಟೆಗೆ ಹಾಕುವ ಬ್ಲೀಚ್ ಅರ್ಧ ಬಾಟಲಿ ಸುರಿದರು. ಏನೂ ಆಗಲಿಲ್ಲ. ಮಧ್ಯಾಹ್ನ ಡಬ್ಬಿಗಳು ಹೋದ ಮೇಲೆ ಅಕ್ಕ ಹಿತ್ತಲಿನ ನಲ್ಲಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾನೂ ಜೊತೆಗಿದ್ದೆ. ಒಳಗೆ ಭಾವ ಟಾಯ್ಲೆಟ್ ತೊಳೆಯುವ ಆಸಿಡ್ ತಂದು, ಸಿಂಕಿನಲ್ಲಿ ನಿಂತಿದ್ದ ಅದೇ ನೀರಿಗೆ ಸುರಿದರು.

ಮೊದಲು ಕೆಮ್ಮು ಕೇಳಿತು. ಉಸಿರೇ ಸಿಗದ ಕೆಮ್ಮು. ನಾವು ಓಡಿಹೋದಾಗ ಅಡುಗೆಮನೆಯ ಬಾಗಿಲಲ್ಲೇ ಮೂಗು ಸುಡುವಂಥ ಘಾಟು. ಭಾವ ಕಣ್ಣು ಮುಚ್ಚಿಕೊಂಡು ಗೋಡೆ ತಡವುತ್ತಾ ಬಾಗಿಲ ಹತ್ತಿರ ಬಂದಿದ್ದರು. ಸೆರಗನ್ನು ಮೂಗಿಗೆ ಒತ್ತಿಕೊಂಡು ಅಕ್ಕ ಅವರ ತೋಳು ಹಿಡಿದು ಎಳೆದಳು. ಹಿತ್ತಲಿಗೆ ಕರೆತಂದು ಅವರ ಕಣ್ಣಿಗೆ, ಮುಖಕ್ಕೆ ನಲ್ಲಿಯ ನೀರು ಬಿಡುತ್ತಲೇ ಇದ್ದೆವು. ಆಮೇಲೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಅಕ್ಕ ಗಂಡನ ಬೆನ್ನು ಸವರುತ್ತಾ ಕೂತಿದ್ದಳು.

ಏನು ಸುರಿದಿರಿ ಎಂದು ಡಾಕ್ಟರ್ ಮೊದಲು ಕೇಳಿದರು. ಬ್ಲೀಚ್ ಮತ್ತು ಆಸಿಡ್ ಸೇರಿದರೆ ವಿಷದ ಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಇನ್ನಷ್ಟು ಹೊತ್ತು ಇದ್ದಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಆಮ್ಲಜನಕ ಕೊಟ್ಟು ಸಂಜೆಯವರೆಗೆ ಮಲಗಿಸಿಕೊಂಡರು. ಕಣ್ಣು ತೊಳೆದು ಹನಿ ಹಾಕಿದರು. ದೃಷ್ಟಿಗೆ ಏನೂ ಆಗಿಲ್ಲ ಎಂದು ಕೇಳಿದಾಗಲೇ ನಮಗೆ ಹೋದ ಜೀವ ಬಂದಂತಾಯಿತು.

ಮನೆಗೆ ಬಂದು ಎಲ್ಲಾ ಕಿಟಕಿ ಬಾಗಿಲು ತೆರೆದೆವು, ಅಡುಗೆಮನೆಗೆ ಯಾರೂ ಕಾಲಿಡಲಿಲ್ಲ. ರಾತ್ರಿಯ ಊಟ ನಮ್ಮ ಮನೆಯಲ್ಲೇ ಆಯಿತು. ಅಲ್ಲಿಂದಲೇ ಅಕ್ಕ ಮುದ್ರಣಾಲಯಕ್ಕೆ ಫೋನ್ ಮಾಡಿ, ನಾಳೆ ಡಬ್ಬಿ ಬರುವುದಿಲ್ಲ ಎಂದು ಹೇಳಿದಳು. ಆರು ವರ್ಷದಲ್ಲಿ ಅದೇ ಮೊದಲ ಸಲ. ಜ್ವರ ಬಂದಾಗಲೂ ಅವಳು ಡಬ್ಬಿ ತಪ್ಪಿಸಿದವಳಲ್ಲ. ಭಾವ ಕಣ್ಣಿಗೆ ಒದ್ದೆಬಟ್ಟೆ ಇಟ್ಟುಕೊಂಡು ಎಲ್ಲಾ ಕೇಳಿಸಿಕೊಂಡರು.

"ಕರಿ ನಿನ್ನ ಪ್ಲಂಬರನ್ನ," ಎಂದರು.

ಮರುದಿನ ಬೆಳಿಗ್ಗೆ ಸ್ಕೂಟರಿನಲ್ಲಿ ಎರಡು ಪೆಟ್ಟಿಗೆ ಕಟ್ಟಿಕೊಂಡು ಒಬ್ಬ ಹೆಣ್ಣುಮಗಳು ಬಂದಳು. ಮೂವತ್ತರ ಆಸುಪಾಸು, ನೀಲಿ ಅಂಗಿ, ದಪ್ಪ ಬೂಟು. ತರಬೇತಿ ಮುಗಿಸಿ ಎಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಾಳೆ. ಭಾವ ಅವಳ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಗೇಟಿನ ಕಡೆ ನೋಡಿದರು.

"ನಿಮ್ಮ ಯಜಮಾನ್ರು ಬರಲಿಲ್ವಾಮ್ಮ?"

"ಅವರು ಶಾಲೇಲಿ ಮೇಷ್ಟ್ರು. ಅವರು ಬಂದ್ರೆ ನಿಮ್ಮ ಪೈಪಿಗೆ ಮಗ್ಗಿ ಹೇಳಿಕೊಡ್ತಾರೆ ಅಷ್ಟೇ," ಎಂದಳು ಅವಳು, ಕೈಗವಸು ಹಾಕಿಕೊಳ್ಳುತ್ತಾ.

ಅಕ್ಕ ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಪ್ಲಂಬರ್ ಕೂಡ ಡಾಕ್ಟರ ಹಾಗೇ ಮೊದಲು ಕೇಳಿದ್ದು, ಏನೇನು ಸುರಿದಿದ್ದೀರಿ ಎಂದು. ಭಾವ ಸೂರು ನೋಡುತ್ತಾ ನಿಂತರು, ಅಕ್ಕ ಒಂದೊಂದಾಗಿ ಹೇಳಿದಳು. ಪ್ಲಂಬರ್ ಬೈಯಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಇದನ್ನು ಮುಚ್ಚಿಟ್ಟರೆ ಪೈಪು ಬಿಚ್ಚುವವರ ಮುಖಕ್ಕೇ ಆಸಿಡ್ ಸಿಡಿಯುತ್ತದೆ, ಹೇಳಿದ್ದು ಒಳ್ಳೆಯದಾಯಿತು ಎಂದಳು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿಕೊಂಡಳು. ನಮ್ಮನ್ನೆಲ್ಲ ಆಚೆ ನಿಲ್ಲಿಸಿ, ಸಿಂಕಿನಲ್ಲಿದ್ದ ನೀರನ್ನು ಪ್ಲಾಸ್ಟಿಕ್ ಮಗ್ಗಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತೆಗೆದು, ಬಕೆಟ್ಟಿನಲ್ಲಿ ತುಂಬಿಟ್ಟಿದ್ದ ಒಳ್ಳೆಯ ನೀರಿಗೆ ಸೇರಿಸಿ ತೆಳುವಾಗಿಸಿದಳು.

ಆಮೇಲೆ ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ ಎಂದು ಕೇಳಿದಳು. ಕೆಲಸದ ಮಧ್ಯೆ ಯಾರಾದರೂ ಮರೆತು ನಲ್ಲಿ ತಿರುಗಿಸಿದರೂ ನೀರು ಬರಬಾರದಲ್ಲ. ಅಕ್ಕ ಅಂಗಳ ತೋರಿಸಿದಳು, ಭಾವ ಹಿತ್ತಲು ತೋರಿಸಿದರು, ನಾನು ತಾರಸಿ ತೋರಿಸಿದೆ. ಕೊನೆಗೆ ಬಚ್ಚಲಿನ ಗೋಡೆಯಾಚೆ, ಡ್ರಮ್ಮಿನ ಹಿಂದೆ, ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು ಬಿಟ್ಟು ತಿರುಗಿಸಬೇಕಾಯಿತು. ಯಾವತ್ತಾದರೂ ಒಂದು ಪೈಪು ಒಡೆದಿದ್ದರೆ, ಇದನ್ನು ಹುಡುಕುವಷ್ಟರಲ್ಲಿ ನಿಮ್ಮ ಮಂಚ ತೇಲುತ್ತಿತ್ತು ಎಂದಳು. ಎರಡು ಮೂರು ತಿಂಗಳಿಗೊಮ್ಮೆ ಮುಚ್ಚಿ ತೆರೆದರೆ ಗಟ್ಟಿಯಾಗುವುದಿಲ್ಲವಂತೆ.

ಸಿಂಕಿನ ಕೆಳಗೆ ಕೂತು ಬಕೆಟ್ ಇಟ್ಟುಕೊಂಡು, ಅಲ್ಲಿರುವ ಬಾಗಿದ ಪೈಪನ್ನು ಕೈಯಿಂದಲೇ ತಿರುಗಿಸಿ ಬಿಚ್ಚಿದಳು. ಆ ಪೈಪು ಅದೇಕೆ ಹಾಗೆ ಸೊಟ್ಟಗಿದೆ ಎಂದು ನಾನು ಕೇಳಿದೆ. ಆ ಬಾಗಿನಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದೆ, ಚರಂಡಿಯ ವಾಸನೆಯನ್ನೂ ಜಿರಳೆಯನ್ನೂ ಮೇಲೆ ಬರದಂತೆ ತಡೆಯುವುದು ಆ ನೀರೇ ಎಂದಳು. ಬಳಸದ ಬಚ್ಚಲಿನಲ್ಲಿ ಅದು ಒಣಗಿಹೋಗುತ್ತದೆ, ಅದಕ್ಕೇ ನಾರುತ್ತದೆ. ಆಗಾಗ ಒಂದು ಚೊಂಬು ನೀರು ಸುರಿದರೆ ಸಾಕು. ನಮ್ಮ ಮನೆಯ ಮೇಲಿನ ಕೋಣೆಯ ಬಚ್ಚಲು ಒಂದು ವರ್ಷದಿಂದ ನಾರುತ್ತಿತ್ತು. ನಾನು ಅಲ್ಲಿ ಊದುಬತ್ತಿ ಹಚ್ಚುತ್ತಿದ್ದೆ.

ಬಾಗಿದ ಪೈಪಿನಿಂದ ಮೇಣದಂತೆ ಗಟ್ಟಿಯಾದ ಜಿಡ್ಡು, ತರಕಾರಿ ಸಿಪ್ಪೆ, ಭಾವನ ತಂತಿಯ ಮೂರು ಮುರಿದ ತುಂಡು ಬಂದವು. ಜೊತೆಗೆ ಒಂದು ಪುಟ್ಟ ಚಮಚ. ಆ ಚಮಚವನ್ನು ನಾನು ತೆಗೆದುಕೊಂಡು ಹೋಗಿ ವಾಪಸು ಕೊಟ್ಟಿಲ್ಲ ಎಂದು ಅಕ್ಕ ಎರಡು ದಿನದಿಂದ ಸೂಚ್ಯವಾಗಿ ಹೇಳುತ್ತಲೇ ಇದ್ದಳು. ನಾನು ಅವಳ ಮುಖ ನೋಡಿದೆ. ಅವಳು ಚಮಚ ತೊಳೆಯುವುದರಲ್ಲಿ ಬಹಳ ಮಗ್ನಳಾಗಿಬಿಟ್ಟಳು.

ಪೈಪು ಜೋಡಿಸಿ ವಾಲ್ವ್ ತೆರೆದಾಗ ಸಿಂಕಿನ ನೀರು ಸರಾಗವಾಗಿ ಇಳಿಯಿತು. ಸರಿ, ಮುಗೀತಲ್ಲ ಎಂದು ಭಾವ ಎದ್ದರು. ಇನ್ನೂ ಇಲ್ಲ ಎಂದಳು ಅವಳು. ಮೆಷಿನಿನ ನೀರು ಬಿಡಿಸಿದಳು. ಬಚ್ಚಲಿನ ತೂತು ಗುಳುಗುಳು ಎಂದಿತು, ಕೊಳೆನೀರು ಮೇಲೆ ಬಂತು, ಸಿಂಕಿನ ನೀರೂ ಇಳಿಯದೆ ನಿಂತಿತು.

"ಎರಡು ಕಡೆ ಒಟ್ಟಿಗೆ ನೀರು ನಿಂತ್ರೆ, ತೊಂದರೆ ಆ ಎರಡೂ ಸೇರೋ ಕಡೆ ಇರುತ್ತೆ. ಯಜಮಾನ್ರೇ, ಗಡಿಯಾರ ರಿಪೇರಿ ಮಾಡ್ತಿದ್ರಿ ಅಂತ ಅಕ್ಕ ಹೇಳಿದ್ರು. ನಿಂತ ಗಡಿಯಾರ ತಂದುಕೊಟ್ರೆ ನೀವು ಮೊದಲು ಏನ್ಮಾಡ್ತಿದ್ರಿ?"

"ಹಿಂದಿನ ಮುಚ್ಚಳ ತೆಗೆದು ನೋಡ್ತಿದ್ದೆ."

"ನಾನೂ ಅಷ್ಟೇ. ಬನ್ನಿ, ಮುಚ್ಚಳ ಹುಡುಕೋಣ."

ಮುಚ್ಚಳ ಅಂಗಳದಲ್ಲಿತ್ತು, ಭಾವನ ಏಳು ಹೂಕುಂಡಗಳ ಕೆಳಗೆ. ಕುಂಡ ಸರಿಸಿ, ಮನೆಯ ಕೊಳೆನೀರು ಬಂದು ಸೇರುವ ಮೊದಲನೇ ಗುಂಡಿಯ ಮುಚ್ಚಳ ತೆಗೆದರೆ ಕೊಳೆನೀರು ಅಂಚಿನವರೆಗೆ ತುಂಬಿತ್ತು. ಗೇಟಿನ ಹತ್ತಿರದ ಎರಡನೇ ಗುಂಡಿ ಒಣಗಿತ್ತು. ಹಾಗಾದರೆ ಅಡ್ಡಿ ಇರುವುದು ಈ ಎರಡರ ನಡುವೆ ಎಂದು ನನಗೂ ಅರ್ಥವಾಯಿತು. ಅವಳು ಸುರುಳಿ ಸುತ್ತಿದ ಉದ್ದನೆಯ ಸ್ಪ್ರಿಂಗಿನ ಯಂತ್ರ ತಂದು ಗೇಟಿನ ಕಡೆಯ ಪೈಪಿನೊಳಗೆ ಬಿಟ್ಟಳು. ಅದು ತಿರುಗುತ್ತಾ ಒಳಗೆ ಹೋಗಿ ಒಂದು ಕಡೆ ತಡೆದು ನಿಂತಿತು. ಹಿಂದೆ ಎಳೆದಾಗ ಅದರ ತುದಿಗೆ ಕೂದಲಿನಂಥ ಬೇರುಗಳ ದೊಡ್ಡ ಗಂಟೇ ಸುತ್ತಿಕೊಂಡು ಬಂತು. ಐದಾರು ಸಲ ಹೀಗೆ ಮಾಡಿದ ಮೇಲೆ ತುಂಬಿದ ಗುಂಡಿ ಭೋರೆಂದು ಖಾಲಿಯಾಯಿತು.

ಅಲ್ಲಿಗೂ ಬಿಡಲಿಲ್ಲ ಅವಳು. ಬೆರಳುಗಾತ್ರದ ಕ್ಯಾಮೆರಾವನ್ನು ಪೈಪಿನೊಳಗೆ ಕಳಿಸಿ, ಸಣ್ಣ ಪರದೆಯಲ್ಲಿ ತೋರಿಸಿದಳು. ಭಾವ ನೋಯುವ ಕಣ್ಣನ್ನೂ ಮರೆತು ಅದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಪೈಪಿನ ಒಂದು ಜೋಡಣೆ ಬಿರುಕು ಬಿಟ್ಟಿತ್ತು. ಸುತ್ತ ಸಿಮೆಂಟು, ಹಳೇ ಬಟ್ಟೆಯ ಚೂರು, ನಡುವಿನ ಸಂದಿಯಿಂದ ಇಣುಕುವ ಬೇರು. ಯಾರೋ ತಿಳಿಯದವರು ಬಟ್ಟೆ ಸುತ್ತಿ ಸಿಮೆಂಟು ಮೆತ್ತಿದ್ದಾರೆ, ಇಲ್ಲಿಂದ ನೀರು ಜಿನುಗಿದೆ, ಆ ತೇವ ಹುಡುಕಿಕೊಂಡೇ ಅಂಗಳದ ಮರದ ಬೇರು ಒಳಗೆ ಬಂದಿದೆ ಎಂದಳು.

ಭಾವ ಪರದೆಯ ಮೇಲಿನ ಬಟ್ಟೆಯ ಚೂರಿನ ಕಡೆ ಬೆರಳು ಮಾಡಿದರು.

"ಅದು ನಂದೇ ಕೆಲಸ," ಎಂದರು. "ಹನ್ನೊಂದು ವರ್ಷ ಆಯ್ತು. ಅವತ್ತು ಎಲ್ಲರ ಹತ್ರ ಹೇಳ್ಕೊಂಡು ಓಡಾಡಿದ್ದೆ."

ಅಕ್ಕ ಏನಾದರೂ ಚುಚ್ಚಿ ಹೇಳುತ್ತಾಳೆ ಎಂದು ನಾನು ಕಾದೆ. ಅವಳು ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು, ಭಾವನ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದ್ದಳು.

ಮಧ್ಯಾಹ್ನ ಅಗೆದು, ಕೆಟ್ಟ ತುಂಡನ್ನು ಕತ್ತರಿಸಿ, ಹೊಸ ಪೈಪು ಇಟ್ಟರು. ಇಳಿಜಾರು ಸರಿಯಾಗಿರಬೇಕು, ನಾಲ್ಕು ಅಡಿಗೆ ಒಂದು ಅಂಗುಲ ಇಳಿಯಬೇಕು ಎಂದು ಹೇಳಿ ಅವಳು ಮಟ್ಟ ನೋಡುವ ಪಟ್ಟಿಯನ್ನು ಭಾವನ ಕೈಗೆ ಕೊಟ್ಟಳು. ಇಂಥ ಸೂಕ್ಷ್ಮ ನೋಡುವ ಕಣ್ಣು ನನಗಿಂತ ನಿಮ್ಮದು ಎಂದಳು. ಭಾವ ಮಣ್ಣಿನಲ್ಲಿ ಮಂಡಿಯೂರಿ, ಪಟ್ಟಿಯ ಗಾಜಿನೊಳಗಿನ ಗುಳ್ಳೆ ಗೆರೆಗೆ ಬರುವವರೆಗೂ ಅವಳನ್ನು ಬಿಡಲಿಲ್ಲ. ಇನ್ನೂ ಕೂದಲೆಳೆಯಷ್ಟು ಎತ್ತಿ, ಇಳಿಸಿ, ಹಾಂ ಸಾಕು ಎನ್ನುತ್ತಿದ್ದರು. ಮಣ್ಣು ಮುಚ್ಚುವ ಮೊದಲು ಅರ್ಧ ಗಂಟೆ ನೀರು ಹರಿಸಿ, ಜೋಡಣೆಯ ಸುತ್ತ ಒಣಕಾಗದ ಒತ್ತಿ, ಎಲ್ಲೂ ಒದ್ದೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡರು.

ಹೊರಡುವ ಮೊದಲು ಅವಳು ಅಕ್ಕನಿಗೆ ಕೆಲವು ಮಾತು ಹೇಳಿದಳು. ಜಿಡ್ಡಿನ ಬಾಣಲೆಯನ್ನು ತೊಳೆಯುವ ಮೊದಲು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಬೇಕು. ಉಳಿದ ಎಣ್ಣೆಯನ್ನು ಎಂದೂ ಸಿಂಕಿಗೆ ಸುರಿಯಬಾರದು. ಬಿಸಿ ಇರುವಾಗ ನೀರಿನಂತೆ ಹೋಗುವ ಜಿಡ್ಡು ಪೈಪಿನೊಳಗೆ ತಣ್ಣಗಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ. ಜಾಲರಿಯನ್ನು ಯಾವತ್ತೂ ಕೀಳಬಾರದು. ಈ ಕೊನೆಯ ಮಾತನ್ನು ಅವಳು ಭಾವನ ಕಡೆ ತಿರುಗಿ ಹೇಳಿದಳು.

ಶುಕ್ರವಾರ ಮೂವತ್ತು ಡಬ್ಬಿ ಹೊತ್ತಿಗೆ ಸರಿಯಾಗಿ ಹೋದವು. ಖಾಲಿ ಡಬ್ಬಿಗಳ ಜೊತೆ ಮುದ್ರಣಾಲಯದವರು ಒಂದು ಚೀಟಿ ಕಳಿಸಿದ್ದರು. ನಿನ್ನೆ ಹೊರಗೆ ತಿಂದು ನಮಗೆ ಬುದ್ಧಿ ಬಂತು, ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

ಮೊನ್ನೆ ಬೀದಿಯ ತುದಿಯ ಮನೆಯವರು ಸಿಂಕಿನಲ್ಲಿ ನೀರು ನಿಂತಿದೆ, ಆಸಿಡ್ ಇದ್ದರೆ ಕೊಡಿ ಎಂದು ಭಾವನ ಹತ್ತಿರ ಬಂದರು. ಭಾವ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆಯಲ್ಲೇ ಹೊರಟುಬಿಟ್ಟರು. ಹೋಗಿ, ಮೊದಲು ಕೇಳಿದ್ದು ಬಚ್ಚಲಿನಲ್ಲೂ ನೀರು ನಿಲ್ಲುತ್ತದೆಯೇ ಎಂದು. ಆಮೇಲೆ ಪ್ಲಂಬರಿಗೆ ತಾವೇ ಫೋನ್ ಮಾಡಿ, ಅವಳು ಬರುವವರೆಗೂ ಅಲ್ಲೇ ಕೂತಿದ್ದರು. ಎದ್ದು ಬಂದರೆ ಆ ಮನುಷ್ಯ ಏನಾದರೂ ಸುರಿದುಬಿಡುತ್ತಾನೆ ಎಂಬ ಅನುಮಾನವಂತೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೈಯ ಮೇಲೆ ನಿಮಗಿರುವ ಭರವಸೆಯನ್ನು ನಾನು ಅನುಮಾನಿಸುವುದಿಲ್ಲ. ಜಾಲರಿ ಶುಚಿ ಮಾಡಿ, ಪ್ಲಂಜರ್ ಎನ್ನುವ, ಹಿಡಿಯಿರುವ ರಬ್ಬರಿನ ಬಟ್ಟಲಿನಿಂದ ಒತ್ತಿ ನೋಡಿ. ಅಲ್ಲಿಗೆ ಆಗಲಿಲ್ಲವೆಂದರೆ, ಅಥವಾ ಎರಡು ಕಡೆ ಒಟ್ಟಿಗೆ ನೀರು ನಿಂತರೆ, ತರಬೇತಿ ಪಡೆದ ಪ್ಲಂಬರನ್ನು ಕರೆಯಿರಿ. ಒಂದು ಬಾಟಲಿಯ ಮೇಲೆ ಇನ್ನೊಂದು ಬಾಟಲಿ ಮಾತ್ರ ಯಾವ ಕಾರಣಕ್ಕೂ ಸುರಿಯಬೇಡಿ. ಯಾರಾದರೂ ಸುರಿದು ಘಾಟು ಎದ್ದರೆ, ಸಿಂಕಿನ ಚಿಂತೆ ಬಿಟ್ಟು ಎಲ್ಲರೂ ಆಚೆ ಬನ್ನಿ, ಕಣ್ಣು ತೊಳೆಯಿರಿ, ಆಸ್ಪತ್ರೆಗೆ ಹೋಗಿ. ಸಿಂಕನ್ನು ನಾಳೆ ಸರಿಮಾಡಬಹುದು. ಮನೆಯವರು ನಿಮಗೆ ಇವತ್ತೇ ಬೇಕು.