ಊರು ತೋರಿಸಿದ ದಿನ

ಟಕ್ — ಮರದ ನೆಲಕ್ಕೆ ಗುಂಡಿ ಬಿದ್ದ ಸದ್ದು, ಎಷ್ಟು ಸಣ್ಣದು, ಆದರೆ ರಾತ್ರಿ ಹತ್ತು ದಾಟಿದೆ, ಕೆಳಗಿನ ಮನೆಯ ಮದಾಂ ಬೊವೆಗೆ ಇಷ್ಟು ಸಾಕು, ನಾಳೆ ಮೆಟ್ಟಿಲಲ್ಲಿ ಸಿಕ್ಕಾಗ ನಿಮ್ಮಲ್ಲಿ ನಿನ್ನೆ ಏನೋ ಬಿತ್ತಲ್ಲ ಅಂತಾಳೆ, ನಗುತ್ತಲೇ ಅಂತಾಳೆ — ಎಲ್ಲಿಗೆ ಉರುಳಿತು, ಸೋಫಾದ ಕೆಳಗೆ, ಮೊಣಕಾಲೂರಿ ಕೈ ಚಾಚಿದರೆ ಮೊದಲು ಧೂಳು, ಆಮೇಲೆ ತಣ್ಣಗೆ ದುಂಡಗೆ ಅದು, ಅಪ್ಪನ ಕೋಟಿನ ಗುಂಡಿ, ಐದರಲ್ಲಿ ಮೂರನೆಯದು, ಹೊಟ್ಟೆಯ ಮೇಲೆ ಬರುವುದು. ಸೂಜಿಗೆ ದಾರ ಹೋಗುತ್ತಿಲ್ಲ. ಅಮ್ಮನಿಗೆ ಒಂದೇ ಸಲಕ್ಕೆ ಹೋಗುತ್ತಿತ್ತು, ಪ್ರತಿ ಜುಲೈ ಕೊನೆಗೆ ಅಪ್ಪನ ಅಂಗಿಗಳನ್ನೆಲ್ಲ ಮಂಚದ ಮೇಲೆ ಹರಡಿ ಒಂದೊಂದು ಗುಂಡಿಯನ್ನೂ ಎಳೆದು ನೋಡುತ್ತಿದ್ದಳು, ಸಡಿಲವಾದದ್ದನ್ನು ಬಿಗಿಯಾಗಿ ಹೊಲಿದು, ಇಸ್ತ್ರಿ ಮಾಡಿ, ಪೆಟ್ಟಿಗೆ ತುಂಬಿ ಕಳಿಸುತ್ತಿದ್ದಳು, ಆಗಸ್ಟ್ ಪೂರ್ತಿ ಅವರಿಗೆ ಮಾರ್ಸೇಲ್‌ನಲ್ಲಿ ಕಂಪನಿಯ ಕೆಲಸ. ಕೆಲಸದ ಹೆಸರು ಮಗಾಲಿ. ನನಗಿಂತ ಆರು ವರ್ಷ ಚಿಕ್ಕವಳು, ಅಪ್ಪನದೇ ಕಿವಿ, ಅಪ್ಪನದೇ ನಗು. ಅಮ್ಮ ಹೋದ ಮೇಲಷ್ಟೇ ನನಗೆ ತಿಳಿದದ್ದು, ಅಪ್ಪನ ಬಾಯಿಂದಲೇ, ಸೂಪು ಕುಡಿಯುತ್ತ ಕುಡಿಯುತ್ತ ಹೇಳಿಬಿಟ್ಟರು, ನಾನು ಚಮಚ ಕೆಳಗಿಡಲೂ ಇಲ್ಲ. ಇವತ್ತು ಅವಳು ಬಂದಳು, ಬೆಳಗಿನ ಹತ್ತಕ್ಕೆ ಇಳಿದಳು, ಸಂಜೆ ಆರೂ ನಲವತ್ತಕ್ಕೆ ಹೊರಟಳು, ಕಿತ್ತಳೆ ಬಣ್ಣದ ಶಾಲು, ಸ್ಟೇಷನ್ನಿನಲ್ಲಿ ಎಲ್ಲರಿಗೂ ಕೇಳಿಸುವ ಹಾಗೆ ಕ್ಲೋದಿನ್ ಅಂತ ಕೂಗಿ, ಎರಡೂ ಕೆನ್ನೆಗೆ ಮುತ್ತಿಟ್ಟು, ಬಂದ ಮೊದಲ ನಿಮಿಷದಿಂದ ನೀನು, ನೀನು. ನಾನು ಸಂಜೆಯವರೆಗೂ ನೀವು ಅಂದೆ. ಅವಳಿಗೆ ಅದು ಗೊತ್ತಾಗಲೇ ಇಲ್ಲ, ಅಥವಾ ಗೊತ್ತಾಯಿತು, ಅದೇ ಇನ್ನೂ ಕೆಟ್ಟದ್ದು. ಮೊದಲು ಪಪ್ಪಾನ ನೋಡೋಣ, ಆಮೇಲೆ ಊರು, ಅಂದಳು. ಅದಕ್ಕೆ ನಾನು, ಪದಗಳನ್ನು ಆರಿಸಿಕೊಂಡು, ಅಪ್ಪನಿಗೆ ಈಗ ಯಾರ ಗುರುತೂ ಸಿಗುವುದಿಲ್ಲ, ಹೊಸ ಮುಖ ಕಂಡರೆ ಹೆದರುತ್ತಾರೆ, ನಾಲ್ಕರ ಮೇಲೆ ಎಚ್ಚರವಿದ್ದರೆ ಕೇಳಿ ನೋಡೋಣ, ಅಂದೆ. ಅವಳ ಮುಖ ಬಾಡಿಹೋಯಿತು. ನನಗೆ ಹಿತವಾಯಿತು, ಇಲ್ಲ ಅಂತ ಯಾಕೆ ಹೇಳಲಿ, ಈ ಕೋಣೆಯಲ್ಲಿ ಯಾರಿದ್ದಾರೆ.

ಊರು ತೋರಿಸುವುದು ನನಗೆ ಗೊತ್ತಿರುವ ಒಂದೇ ವಿದ್ಯೆ, ಮೂವತ್ತೊಂದು ವರ್ಷ ಅದೇ ಮಾಡಿದೆ, ಹೊರದೇಶದಿಂದ ಮಾತುಕತೆಗೆ ಬಂದವರನ್ನು ಸುತ್ತಾಡಿಸುವ ಕಚೇರಿ ನಮ್ಮದು, ಮಾತು ಕೆಟ್ಟಾಗಲೆಲ್ಲ ನಮ್ಮ ಮೇಲಧಿಕಾರಿ ಬಾಗಿಲಲ್ಲಿ ನಿಂತು, ಅವರಿಗೆ ಊರು ತೋರಿಸಿ ಕ್ಲೋದಿನ್, ರೈಲು ಹತ್ತೋವರೆಗೂ ಒಂದು ಕಡೆ ಕೂರೋಕೆ ಬಿಡಬೇಡಿ, ಅನ್ನುತ್ತಿದ್ದರು, ಕೂತವರು ಕೇಳಬೇಕಾದ್ದನ್ನು ಕೇಳಿಬಿಡುತ್ತಾರೆ ಎಂಬ ಭಯ. ಜಿನೀವಾದ ಒಂದೊಂದು ಜಾಗಕ್ಕೂ ಎಷ್ಟು ನಿಮಿಷ ಹಿಡಿಯುತ್ತದೆಂದು ನಿದ್ದೆಯಲ್ಲೂ ಹೇಳಬಲ್ಲೆ. ಜಗತ್ತಿನ ದೇಶಗಳೆಲ್ಲ ಸಭೆ ಸೇರುವ ಕಟ್ಟಡದ ಮುಂದಿನ ಬಾವುಟಗಳ ಸಾಲಿಗೆ ಹದಿನೈದು, ಚೌಕದ ಕಾಲು ಮುರಿದ ದೊಡ್ಡ ಕುರ್ಚಿಗೆ ಹತ್ತು — ಅಷ್ಟೊಂದು ದೇಶದವರಿದ್ದೂ ಒಂದು ಕುರ್ಚಿ ರಿಪೇರಿ ಮಾಡ್ಸೋಕೆ ಆಗ್ಲಿಲ್ವಾ, ಅಂದಳು ಮಗಾಲಿ, ಆ ಕುರ್ಚಿ ಬಂದಾಗಿನಿಂದ ಎಲ್ಲರೂ ಅಲ್ಲಿ ನಿಂತು ಇದನ್ನೇ ಅನ್ನುತ್ತಾರೆ, ನಾನು ಎಂದಿನ ನಗು ನಕ್ಕೆ. ಒಳಗಿನ ಸಭಾಂಗಣಗಳನ್ನು ನೋಡಲು ಪಾಸ್‌ಪೋರ್ಟ್ ತೋರಿಸುವ ಸಾಲು, ಸಾಲು ಉದ್ದವಿತ್ತು, ದೇವರು ದೊಡ್ಡವನು. ಮಧ್ಯಾಹ್ನದ ಊಟಕ್ಕೆ ಬ್ರೆಡ್ಡು ಅದ್ದಿ ತಿನ್ನುವ ಕರಗಿಸಿದ ಚೀಸು, ಒಲೆಯ ಮೇಲಿನ ಆ ಪಾತ್ರೆಗೆ ಯಾರೂ ಅವಸರ ಮಾಡುವಂತಿಲ್ಲ, ಅದಕ್ಕೇ ಅದನ್ನು ಆರಿಸಿದ್ದು, ತಳ ಹತ್ತಿದ ಗರಿಗರಿ ಪದರವನ್ನು ಅವಳು ಫೋರ್ಕಿನಿಂದ ಎಬ್ಬಿಸಿ, ನನ್ನನ್ನು ಕೇಳದೆ, ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದಳು, ಅಪ್ಪ ಹಾಗೆಯೇ ಹಾಕುತ್ತಿದ್ದರು. ನಾನು ತಿನ್ನಲಿಲ್ಲ. ಕಾರಂಜಿ ತೋರಿಸು ಅಂದಳು, ಪಪ್ಪಾ ಬಂದಾಗೆಲ್ಲ ಅದ್ರ ಬಗ್ಗೆ ಹೇಳೋರು, ಕೈ ಮೇಲೆತ್ತಿ ಇಷ್ಟೆತ್ತರ ಅಂತ, ನಾನು ಅವ್ರ ಹೆಗಲ ಮೇಲೆ ಕೂತಿರ್ತಿದ್ದೆ — ಹೆಗಲ ಮೇಲೆ, ನನ್ನ ಆಗಸ್ಟಿನಲ್ಲಿ, ಅಮ್ಮ ಹೊಲಿದ ಗುಂಡಿಯ ಅಂಗಿಯ ಹೆಗಲ ಮೇಲೆ. ಉತ್ತರದ ಗಾಳಿ ಜೋರಿತ್ತು, ಕಾರಂಜಿ ನಿಲ್ಲಿಸಿದ್ದರು, ಸರೋವರದ ಮೇಲೆ ಬರೀ ಆಕಾಶ. ಗಾಳಿ ಬಂತು ಅಂತ ನಲ್ಲಿ ಬಂದ್ ಮಾಡ್ತೀರಾ, ನಮ್ಮಲ್ಲಿ ಇಂಥ ಗಾಳಿಗೆ ಬಟ್ಟೆ ಒಣಗಿಸ್ತಾರೆ ಕಣೇ, ಅಂದು ಶಾಲು ಹಿಡಿದುಕೊಂಡು ನಕ್ಕಳು, ಆಮೇಲೆ ತುಂಬ ಹೊತ್ತು ಆ ಖಾಲಿ ಜಾಗವನ್ನೇ ನೋಡಿದಳು. ಹೂವಿನ ಗಡಿಯಾರದ ಹತ್ತಿರ ನಾಲ್ಕಾಗಿತ್ತು, ಹೂಗಳ ಮೇಲೆ ಅಷ್ಟುದ್ದದ ಮುಳ್ಳು, ಸುಳ್ಳು ಹೇಳುವಂತಿಲ್ಲ. ಪಪ್ಪಾ ಇರೋದು ಯಾವ ಕಡೆ, ಕೇಳಿದಳು. ಅಪ್ಪನಿರುವ ವೃದ್ಧಾಶ್ರಮ ಅಲ್ಲಿಂದ ಏಳು ನಿಮಿಷದ ನಡಿಗೆ, ನಮ್ಮ ಬೆನ್ನ ಹಿಂದೆ. ನಾನು ಕೈಗವಸಿನ ಬೆರಳೆತ್ತಿ ಸರೋವರದ ಆಚೆ ದಡ ತೋರಿಸಿದೆ, ಅಗೋ ಆ ಗುಡ್ಡದ ಮೇಲೆ, ಅಂದೆ. ಫೋನು ಕಿವಿಗಿಟ್ಟು, ಯಾರಿಗೂ ಕರೆ ಮಾಡದ ಫೋನಿಗೆ, ಹೌದಾ, ಈಗ ಮಲಗಿದರಾ, ಸರಿ ಬಿಡಿ, ಎಬ್ಬಿಸಬೇಡಿ, ಅಂದೆ. ಅವಳು ಆಚೆ ದಡದ ಆ ಯಾರದೋ ಗುಡ್ಡದ ಕಡೆ ಕೈ ಬೀಸಿದಳು.

ಸ್ಟೇಷನ್ನಿನಲ್ಲಿ ನನ್ನನ್ನು ತಬ್ಬಿಕೊಂಡು, ಯಾರೂ ನನಗೋಸ್ಕರ ಇಡೀ ದಿನ ಕೊಟ್ಟಿರಲಿಲ್ಲ ಕ್ಲೋದಿನ್, ಅಂದಳು, ಕಣ್ಣು ಒದ್ದೆ, ಈಸ್ಟರ್ ಆದ್ಮೇಲೆ ಮತ್ತೆ ಬರ್ತೀನಿ. ಈಸ್ಟರ್‌ವರೆಗೆ ಅಪ್ಪ ಉಳಿಯುವುದಿಲ್ಲವೆಂದು ವೈದ್ಯರು ನನಗೆ ಹೇಳಿ ಹತ್ತು ದಿನವಾಗಿದೆ, ನಾನು ಹೂಂ ಅಂದೆ. ಬಾಗಿಲು ಮುಚ್ಚುವ ಹೊತ್ತಿಗೆ ಒಳಗಿನಿಂದ ಅವಳು, ಬರ್ತೀನಿ ಅಂತ ಪಪ್ಪಾಗೆ ಒಂದು ಕಾರ್ಡ್ ಹಾಕಿದ್ದೆ ಕಣೇ, ಅವ್ರಿಗೆ ತಿಳಿಯಲ್ಲ ಬಿಡು, ಆದ್ರೂ ಹಾಕ್ದೆ — ರೈಲು ಹೊರಟಿತು. ಟ್ರ್ಯಾಮು, ಸೇತುವೆ, ಗಡಿಯಾರ, ಏಳು ನಿಮಿಷವನ್ನು ನಾಲ್ಕರಲ್ಲಿ ನಡೆದೆ. ಬಾಗಿಲಿಗೆ ಎದುರಾಗಿ ಕುರ್ಚಿ, ಕುರ್ಚಿಯಲ್ಲಿ ಅಪ್ಪ, ಕೋಟು ಹಾಕಿ, ಐದೂ ಗುಂಡಿ ಹಾಕಿ, ಟೋಪಿ ಮಂಡಿಯ ಮೇಲೆ. ಅಲ್ಲಿ ಅವರನ್ನು ನೋಡಿಕೊಳ್ಳುವ ಫಿಲೋಮೆನಾ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು, ಕಾರ್ಡು ಓದಿ ಹೇಳಿದವಳು ಅವಳೇ, ಮಗಳು ಬರುವ ದಿನ ಯಾವುದೆಂದು ನಾಲ್ಕು ದಿನದಿಂದ ಕೇಳುತ್ತಿದ್ದರಂತೆ, ಇವತ್ತು ಎರಡು ಗಂಟೆಗೆ ತಾವೇ ಕೋಟು ತಗೊಂಡರಂತೆ. ನಾನು ಹಾಕ್ತೀನಿ ಮುಸಿಯೋ ಅಂದ್ರೆ ಕೈ ತಳ್ಳಿಬಿಟ್ರು ಮದಾಂ, ಆ ನಡುಗೋ ಕೈಲಿ, ಐದು ಗುಂಡಿಗೆ ನಲವತ್ತು ನಿಮಿಷ, ನಾನು ಗಡಿಯಾರ ನೋಡ್ತಾನೇ ಇದ್ದೆ. ಆಮೇಲೆ ಏಳರವರೆಗೆ ಕದಲಿಲ್ಲ, ಊಟಕ್ಕೂ ಏಳಲಿಲ್ಲ. ನಾವಿಬ್ಬರೂ ಸೇರಿ ಬಿಚ್ಚಲು ಹೋದಾಗ ಕೋಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು, ಮೂರನೆಯದು ಕಿತ್ತು ಬಂತು. ಬಂದಿದ್ಲಾ, ಕೇಳಿದರು, ನನ್ನನ್ನಲ್ಲ, ಗುಂಡಿಯನ್ನು ನೋಡುತ್ತ. ಇಲ್ಲ ಅಪ್ಪಾ, ಗಾಳಿಗೆ ರೈಲೆಲ್ಲ ನಿಂತುಹೋಗಿದೆ ಅಂದೆ, ಎಷ್ಟು ಸಲೀಸಾಗಿ ಬಂತು. ಅವರು ತಲೆಯಾಡಿಸಿದರು, ಹಾಗಾದ್ರೆ ನಾಳೆ ಬರ್ತಾಳೆ, ಇದನ್ನ ಹೊಲ್ಕೊಂಡು ಬಾ, ನಿಮ್ಮಮ್ಮ ಹೊಲೀತಿದ್ಲಲ್ಲ, ಹಾಗೆ, ಗಟ್ಟಿಯಾಗಿ.

ದಾರ ಹೋಯಿತು. ಫೋನು ಮೇಜಿನ ಮೇಲಿದೆ, ಅವಳಿನ್ನೂ ದಾರಿಯಲ್ಲಿದ್ದಾಳೆ, ಒಂದು ವಾಕ್ಯ ಸಾಕು, ಬೆಳಗಿನ ಮೊದಲ ರೈಲಿಗೆ ವಾಪಸ್ ಬಾ, ನಿನಗೆ ಅವರ ಗುರುತಿದೆ, ಅವರಿಗೆ ನಿನ್ನದಿದೆ — ನೀನು ಅಂದುಬಿಟ್ಟೆನಲ್ಲ, ಮನಸ್ಸಿನಲ್ಲೇ ಆದರೂ. ಇಲ್ಲ. ಅವಳಿಗೂ ಹೇಳುವುದಿಲ್ಲ, ಅಪ್ಪನಿಗೂ, ಫಿಲೋಮೆನಾಗೂ, ಯಾರಿಗೂ ಇಲ್ಲ, ಇವತ್ತು ನಾನೊಬ್ಬ ಅತಿಥಿಗೆ ಊರು ತೋರಿಸಿದೆ, ಅಷ್ಟೇ ಆದದ್ದು. ಹೊಲಿಗೆ ಒಂದು, ಎರಡು, ಅಮ್ಮನ ಹಾಗೆ ಬುಡಕ್ಕೆ ದಾರ ಸುತ್ತಿ, ಎಳೆದು ನೋಡಿದೆ, ಬರುವುದಿಲ್ಲ, ಗಟ್ಟಿಯಾಗಿದೆ. ನಾಳೆ ಎರಡು ಗಂಟೆಗೆ ಮತ್ತೆ ಹಾಕಿಕೊಳ್ಳುತ್ತಾರೆ, ನಾಳಿದ್ದೂ, ಮೊದಲನೆಯದು, ಎರಡನೆಯದು, ಮೂರನೆಯದಕ್ಕೆ ಹೆಬ್ಬೆರಳು ನಡುಗುತ್ತದೆ, ಗುಂಡಿ ತೂತಿನ ಅಂಚಿಗೆ ಬಂದು ಜಾರುತ್ತದೆ, ಮತ್ತೆ ಹಿಡಿಯುತ್ತಾರೆ, ಅಂಚಿಗೆ ಬರುತ್ತದೆ, ಜಾರುತ್ತದೆ