ಹಾಲೇಶಪ್ಪನವರ ಮಾತ್ರೆ ಡಬ್ಬಿ

ವಡೋದರದ ನಮ್ಮ ಕನ್ನಡದವರ ಮನೆಗಳಲ್ಲಿ ಒಂದು ಡಬ್ಬಿ ಇದ್ದೇ ಇರುತ್ತೆ. ಊರಿಗೆ ಹೋದವರು ಚಟ್ನಿಪುಡಿ ಜೊತೆ ಅಲ್ಲಿ ಉಳಿದ ಮಾತ್ರೆಗಳನ್ನೂ ತಂದು ಅದಕ್ಕೆ ತುಂಬ್ತಾರೆ. ಭಾಷೆ ಬರದ ಊರಲ್ಲಿ ಡಾಕ್ಟರ ಹತ್ತಿರ ಹೋಗೋದು ತಪ್ಪುತ್ತಲ್ಲ ಅಂತ. ನಾನೂ ಹಾಗೇ ಮಾಡಿದವಳೇ, ಬಿಡಿ.

ಮಂಜಲ್‌ಪುರ ಬಡಾವಣೆಯಲ್ಲಿ ನಮ್ಮ ಮೇಲಿನ ಮನೆ ಹಾಲೇಶಪ್ಪನವರದು. ದಾವಣಗೆರೆ ಕಡೆಯವರು, ರೈಲ್ವೆ ನೌಕರಿ. ಹೋದ ತಿಂಗಳು ಅವರ ದವಡೆ ಹಲ್ಲಿಗೆ ರೂಟ್ ಕೆನಾಲ್ ಶುರುವಾಯ್ತು. ಡಾಕ್ಟರು ಹಲ್ಲಿನೊಳಗೆ ಕೆಟ್ಟಿದ್ದನ್ನು ತೆಗೆದು, ನೋವಿನ ಮಾತ್ರೆ ಮಾತ್ರ ಬರೆದುಕೊಟ್ರು. ಆಂಟಿಬಯಾಟಿಕ್ ಇಲ್ಲ. ಮರುದಿನ ಹಲ್ಲು ನೋಯ್ತು ನೋಡಿ, ಇವರಿಗೆ ಸಿಟ್ಟು ನೆತ್ತಿಗೇರಿತು. ಭಾಷೆ ಬರಲ್ಲ ಅಂತ ಅರ್ಧ ಔಷಧಿ ಕೊಟ್ಟು ಸಾಗಹಾಕಿದ್ರು ಅಂತ ಗೊಣಗುತ್ತಾ ಡಬ್ಬಿ ತೆಗೆದರು. ತಮ್ಮನ ಗಂಟಲುನೋವಿಗೆ ತಂದು ಉಳಿದಿದ್ದ ಆಂಟಿಬಯಾಟಿಕ್ ಅದರಲ್ಲಿತ್ತು.

ಆಗ ಪಾತ್ರೆ ವಾಪಸ್ ಕೊಡೋಕೆ ನಾನೂ ನನ್ನ ಮಗಳು ಪ್ರತೀಕ್ಷಾನೂ ಹೋಗಿದ್ವಿ. ಅವಳು ಹಲ್ಲಿನ ಆಸ್ಪತ್ರೇಲಿ ನರ್ಸ್. ಕನ್ನಡದಲ್ಲಿ ತಡವರಿಸುತ್ತಾಳೆ, ಕೆಲಸದಲ್ಲಿ ಗಟ್ಟಿ. ಕೆಟ್ಟಿದ್ದನ್ನು ತೆಗೆಯೋದೇ ಇದಕ್ಕೆ ಚಿಕಿತ್ಸೆ, ಆಮೇಲೆ ಎರಡು ಮೂರು ದಿನ ನೋವು ಇರುತ್ತೆ, ಅದಕ್ಕೆ ನೋವಿನ ಮಾತ್ರೆ ಸಾಕು ಅಂದಳು. ಆಂಟಿಬಯಾಟಿಕ್ ನೋವು ಕಳೆಯಲ್ಲ. ಮುಖ ಊದಿ ಜ್ವರ ಬಂದರೆ ಡಾಕ್ಟರೇ ನೋಡಿ ಕೊಡ್ತಾರೆ ಅಂತಾನೂ ಹೇಳಿದಳು.

ಹಾಲೇಶಪ್ಪ ಕೇಳಬೇಕಲ್ಲ. ಮಾತ್ರೆ ಆಗಲೇ ಅಂಗೈಯಲ್ಲಿತ್ತು. "ಒಂದು ನುಂಗಿದ್ರೆ ಏನಾಗುತ್ತಮ್ಮ?"

ಮಗಳು ಮಾತ್ರೆಯ ಹಾಳೆ ತಿರುಗಿಸಿ ಓದಿದಳು. "ಅಂಕಲ್, ಇದು ಪೆನಿಸಿಲಿನ್ ಗುಂಪಿನದು. ನಿಮಗೆ ಅಲರ್ಜಿ ಇಲ್ಲ ತಾನೆ?"

ಅಡುಗೆಮನೆಯಿಂದ ಅವರ ಹೆಂಡತಿ ಇಂದಿರಾ ಓಡಿಬಂದರು. "ಪೆನಿಸಿಲಿನ್ನಾ? ಚಿಕ್ಕವರಿದ್ದಾಗ ಆ ಇಂಜೆಕ್ಷನ್ ಕೊಟ್ಟು ಇವರಿಗೆ ಉಸಿರೇ ಕಟ್ಟಿತ್ತಂತೆ. ನಮ್ಮತ್ತೆ ಈಗಲೂ ಹೇಳ್ಕೊಂಡು ಅಳ್ತಾರೆ."

ಹಾಲೇಶಪ್ಪ ಅದನ್ನು ಮರೆತೇಬಿಟ್ಟಿದ್ದರು, ಡಾಕ್ಟರಿಗೂ ಹೇಳಿರಲಿಲ್ಲ. ಮಾತ್ರೆಯನ್ನು ಮೆಲ್ಲಗೆ ಟೇಬಲ್ ಮೇಲಿಟ್ಟು ಕೂತುಬಿಟ್ಟರು.

ಮಗಳು ಆಗಲೇ ಡಾಕ್ಟರಿಗೆ ಫೋನ್ ಮಾಡಿ ಗುಜರಾತಿಯಲ್ಲಿ ವಿಷಯ ತಿಳಿಸಿದಳು. ಬರೆದುಕೊಟ್ಟ ನೋವಿನ ಮಾತ್ರೆಯನ್ನೇ ಹೇಳಿದಷ್ಟೇ ತಗೊಂಡು, ನೋವು ಹೋಯ್ತು ಅಂತ ಬಿಡದೆ ಮತ್ತೆ ಹೋಗಿ ಚಿಕಿತ್ಸೆ ಮುಗಿಸಿಕೊಂಡರು ಹಾಲೇಶಪ್ಪ. ಡಬ್ಬಿಯಲ್ಲೀಗ ಇಂದಿರಾ ಅವರ ಸೂಜಿ ದಾರ ಇದೆ.

ನಿಮ್ಮನೇಲೂ ಅಂಥ ಡಬ್ಬಿ ಇದ್ದರೆ ಇವತ್ತೇ ತೆಗೆದು ನೋಡಿ. ಒಬ್ಬರಿಗೆ ಕೊಟ್ಟ ಆಂಟಿಬಯಾಟಿಕ್ ಇನ್ನೊಬ್ಬರು ನುಂಗಬೇಡಿ. ಅಲರ್ಜಿ, ಬಿಪಿ, ಹೊಟ್ಟೆಹುಣ್ಣು, ಏನಿದ್ದರೂ ಡಾಕ್ಟರಿಗೆ ಮೊದಲೇ ಹೇಳಿ. ಮುಖ ಊದಿದರೆ, ಜ್ವರ ಬಂದರೆ, ನುಂಗೋಕೆ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಭಾಷೆ ಬರದಿದ್ದರೆ ಪಕ್ಕದ ಮನೆಯವರನ್ನು ಕರ್ಕೊಂಡು ಹೋಗಿ, ಕರೆದರೆ ಯಾರೂ ಇಲ್ಲ ಅನ್ನಲ್ಲ.